ಹರಳುಪ್ಪಿನೊಳಗಿನ ಕೆಂಪು

ನವಲಗುಂದ ತಾಲೂಕಿನ ನಮ್ಮ ಊರಿನಲ್ಲಿ ಕಾಲುವೆಯ ಕೆಳಗಿದ್ದ ಹೊಲವೊಂದು ಬೇಸಿಗೆ ಬಂತೆಂದರೆ ಬೆಳ್ಳಗಾಗುತ್ತಿತ್ತು. ದೂರದಿಂದ ನೋಡಿದವರಿಗೆ ಯಾರೋ ಸುಣ್ಣ ಚೆಲ್ಲಿ ಹೋದಂತೆ ಕಾಣುತ್ತಿದ್ದ ಆ ಬಿಳುಪನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ತಾಗಿಸಿದರೆ ಉಪ್ಪಿನ ಜೊತೆಗೆ ತುಸು ಕಹಿಯೂ ಇರುತ್ತಿತ್ತು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ನಮ್ಮ ಕಡೆಗೆ ಹರಿದು ಬರತೊಡಗಿದ ಮೇಲೆ, ನೀರು ಸುಲಭವಾಗಿ ಬಸಿದು ಹೋಗದ ಎರೆಭೂಮಿಯಲ್ಲಿ ಅಂತರ್ಜಲ ಮೇಲೇರಿ, ಆಳದಲ್ಲಿದ್ದ ಲವಣಗಳನ್ನು ತನ್ನೊಡನೆ ಹೊತ್ತು ತಂದು, ತಾನು ಆವಿಯಾಗಿ ಹೋಗುವಾಗ ಅವುಗಳನ್ನು ನೆಲದ ಮೇಲೆಯೇ ಬಿಟ್ಟುಹೋಗುತ್ತಿತ್ತು. ಇಂಥ ನೆಲವನ್ನು ನಮ್ಮಲ್ಲಿ ಸವಳು ಎನ್ನುತ್ತಾರೆ. ನೀರು ನಿಂತು ಕೆಟ್ಟದ್ದಾದರೆ ಜವಳು. ನಾನು ಚಿಕ್ಕವಳಿದ್ದಾಗ ಆ ಹೊಲದಲ್ಲಿ ಆಡಲು ಹೋದರೆ ಕಾಕಾ ಕರೆದು ಹೇಳುತ್ತಿದ್ದರು: "ಅದು ಉಪ್ಪು ಕುಡದ ಹೊಲ ಯವ್ವಾ, ಅದರಾಗ ಹುಳಾನೂ ಬದುಕಂಗಿಲ್ಲ."

ಆ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ, ಮತ್ತು ಅದನ್ನು ನಂಬುವುದಕ್ಕೆ ಮನೆಯಲ್ಲಿಯೇ ಸಾಕಷ್ಟು ಆಧಾರಗಳಿದ್ದವು. ಅವ್ವ ಬೇಸಿಗೆಯಲ್ಲಿ ಹಾಕುತ್ತಿದ್ದ ಮಾವಿನಕಾಯಿಯ ಉಪ್ಪಿನಕಾಯಿ ಮುಂದಿನ ಬೇಸಿಗೆಯವರೆಗೂ ಬರಣಿಯಲ್ಲಿ ಕೆಡದೆ ಇರುತ್ತಿದ್ದುದು ಉಪ್ಪಿನ ಬಲದಿಂದ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ ಡಬ್ಬಿಯಲ್ಲಿ ವರ್ಷಗಟ್ಟಲೆ ಬಾಳುತ್ತಿದ್ದುದು ಕೂಡ ಅದರಿಂದಲೇ. ಸವತೆಕಾಯಿಯ ಪಚಡಿಗೆ ಉಪ್ಪನ್ನು ಊಟಕ್ಕೆ ಕೂಡುವ ಹೊತ್ತಿಗೇ ಹಾಕಬೇಕು, ಮೊದಲೇ ಹಾಕಿದರೆ ಅದು ನೀರು ಬಿಡುತ್ತದೆ ಎಂಬುದು ಯಾವ ಗೃಹಿಣಿಗೂ ಹೊಸದಲ್ಲ. ಆ ನೀರು ಸವತೆಕಾಯಿಯ ಜೀವಕೋಶಗಳ ಒಳಗಿನದು. ಹೊರಗೆ ಉಪ್ಪು ಹೆಚ್ಚಾದಾಗ ಕೋಶದ ನೀರು ಪೊರೆಯನ್ನು ದಾಟಿ ಹೊರಗೆ ಹರಿಯುತ್ತದೆ, ಕೋಶ ಸೊರಗುತ್ತದೆ. ಬರಣಿಯೊಳಗೆ ಬಿದ್ದ ಬ್ಯಾಕ್ಟೀರಿಯಕ್ಕೂ ಇದೇ ಗತಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಾವು ಹೇಳುವಾಗ ನೀರಡಿಕೆಯನ್ನು ನೆನೆಯುತ್ತೇವೆ. ಆದರೆ ಕುಡಿಯುವುದಕ್ಕೆ ಸಿಹಿನೀರೇ ಇಲ್ಲದ ಕಡೆಯಲ್ಲಿ ಸಿಕ್ಕಿಬಿದ್ದ ಸೂಕ್ಷ್ಮಜೀವಿಗೆ ಅದು ಸಾವಿನ ನಿಯಮ.

ಹಾಗೆ ನೋಡಿದರೆ ಉಪ್ಪಿನಕಾಯಿಯ ಬರಣಿಯೂ ಪೂರ್ತಿ ನಿರ್ಜೀವವಲ್ಲ. ಉಪ್ಪನ್ನು ಒಂದು ಮಟ್ಟದವರೆಗೆ ತಾಳಿಕೊಳ್ಳುವ ಹುಳಿಕಾರಕ ಬ್ಯಾಕ್ಟೀರಿಯಗಳು ಮತ್ತು ಯೀಸ್ಟುಗಳು ಅಲ್ಲಿ ಇರುತ್ತವೆ. "ಹಸೀ ಕೈ ಹಚ್ಚಬ್ಯಾಡ, ಕೆಡ್ತೈತಿ" ಎಂದು ಅವ್ವ ಪ್ರತಿ ಸಲವೂ ಎಚ್ಚರಿಸುತ್ತಿದ್ದಳು. ಒದ್ದೆಯಾದ ಚಮಚದಿಂದ ಬಿದ್ದ ನಾಲ್ಕು ಹನಿ ನೀರು ಬರಣಿಯ ಮೇಲ್ಭಾಗದ ಉಪ್ಪನ್ನು ಅಷ್ಟರಮಟ್ಟಿಗೆ ತೆಳುವಾಗಿಸುತ್ತದೆ, ಅಷ್ಟೇ ಸಾಕು, ಕಾದು ಕುಳಿತಿದ್ದ ಬೂಷ್ಟು ಏಳುತ್ತದೆ. ಇವು ಲವಣ ಸಹಿಷ್ಣು ಜೀವಿಗಳು. ಉಪ್ಪು ಇದ್ದರೆ ಸಹಿಸುತ್ತವೆ, ಇಲ್ಲದಿದ್ದರೆ ಇನ್ನೂ ಚೆನ್ನಾಗಿ ಬೆಳೆಯುತ್ತವೆ. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಇವುಗಳ ಬಗ್ಗೆ ಅಲ್ಲ. ಲವಣಪ್ರಿಯ ಎಂಬ ಬೇರೊಂದು ಗುಂಪು ಇದೆ. ಆ ಹೆಸರು ಕೂಡ ಸಾಲದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವುಗಳಿಗೆ ಉಪ್ಪಿನ ಮೇಲೆ ಇರುವುದು ಪ್ರೀತಿಯಲ್ಲ, ಉಪ್ಪೇ ಅವುಗಳ ಮೈಯನ್ನು ಹಿಡಿದು ನಿಲ್ಲಿಸಿದೆ.

ಅವುಗಳನ್ನು ನಾನು ಮೊದಲು ಕಂಡದ್ದು ಸಾಣಿಕಟ್ಟಾದಲ್ಲಿ. ಗೋಕರ್ಣದ ಹತ್ತಿರವಿರುವ ಸಾಣಿಕಟ್ಟಾದ ಆಗರಗಳಲ್ಲಿ ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿಗೆ ಸಾಣಿಕಟ್ಟಾದ ಹರಳುಪ್ಪೇ ಬೇಕೆಂದು ಹಟ ಹಿಡಿಯುವವರು ಈಗಲೂ ಇದ್ದಾರೆ. ಸಮುದ್ರದ ನೀರಿನಲ್ಲಿ ಶೇಕಡಾ ಮೂರೂವರೆಯಷ್ಟು ಲವಣವಿರುತ್ತದೆ. ಅದನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುತ್ತಾ ಹೋದಂತೆ ನೀರು ಆವಿಯಾಗಿ ಲವಣ ಸಾಂದ್ರವಾಗುತ್ತದೆ, ಮೊದಲು ಸುಣ್ಣದ ಅಂಶ, ನಂತರ ಜಿಪ್ಸಮ್ ತಳಕ್ಕೆ ಇಳಿಯುತ್ತವೆ, ನೀರು ಇನ್ನು ಉಪ್ಪನ್ನು ಕರಗಿಸಿಟ್ಟುಕೊಳ್ಳಲಾರೆ ಎನ್ನುವ ಹಂತಕ್ಕೆ, ಅಂದರೆ ಶೇಕಡಾ 26ರ ಆಸುಪಾಸಿಗೆ, ಬಂದಾಗ ಹರಳು ಕಟ್ಟುತ್ತದೆ. ನಾನು ಹೋದದ್ದು ಮಾರ್ಚ್ ತಿಂಗಳಿನಲ್ಲಿ. ಮೊದಲ ಪಾತಿಗಳ ನೀರು ಮಾಮೂಲಿನಂತೆ ಮಾಸಲು ಹಸಿರಾಗಿತ್ತು. ಕೊನೆಯ ಪಾತಿಗಳ ಮೂಲೆಯಲ್ಲಿ ನಿಂತ ನೀರಿಗೆ ಮಾತ್ರ ಕುಂಕುಮ ಕದಡಿದಂಥ ತಿಳಿಗೆಂಪು ಛಾಯೆಯಿತ್ತು. ಉಪ್ಪು ಎಳೆಯುತ್ತಿದ್ದ ಹಿರಿಯರೊಬ್ಬರನ್ನು ಇದೇನೆಂದು ಕೇಳಿದೆ. ನೀರು ಕೆಂಪಗಾದರೆ ಉಪ್ಪು ಹಣ್ಣಾಯಿತು ಎಂದು ಲೆಕ್ಕ, ಎಂದು ಅವರು ಹೇಳಿದರು. ಕೆಂಪು ನೀರು ಬಿಸಿಲಿನ ಕಾವನ್ನು ತಿಳಿನೀರಿಗಿಂತ ಹೆಚ್ಚು ಹೀರಿಕೊಂಡು ಬೇಗ ಆವಿಯಾಗುತ್ತದೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಆ ಹಿರಿಯರ ಮಾತಿನಲ್ಲಿ ನಾನು ಕಲಿಸುತ್ತಿದ್ದ ಶಾಸ್ತ್ರ ಅಷ್ಟೂ ಅಡಗಿತ್ತು.

ಒಂದು ಪೊಟ್ಟಣ ಹರಳುಪ್ಪು, ಒಂದು ಶೀಶೆ ಕೆಂಪು ನೀರು ತೆಗೆದುಕೊಂಡು ಗದಗಿಗೆ ಮರಳಿದೆ. ಆಗ ನಾನು ಅಲ್ಲಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದೆ. ಇಂಥ ಜೀವಿಗಳಿಗೆ ತಯಾರಿಸುವ ಆಹಾರದಲ್ಲಿ ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು ಹಾಕಬೇಕು. ಅದರೊಂದಿಗೆ 20 ಗ್ರಾಂ ಮೆಗ್ನೀಸಿಯಂ ಸಲ್ಫೇಟು, ತುಸು ಪೊಟ್ಯಾಸಿಯಂ ಕ್ಲೋರೈಡು ಮತ್ತು ಸಿಟ್ರೇಟು, 10 ಗ್ರಾಂ ಪೆಪ್ಟೋನು. ಅಷ್ಟು ಉಪ್ಪನ್ನು ನೋಡಿ ನನ್ನ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಇದು ಆಹಾರ ಅಲ್ಲ, ಉಪ್ಪಿನಕಾಯಿ ರಸ" ಎಂದಳು. ಆಹಾರ ಗಟ್ಟಿಯಾಗಲೆಂದು ಅಗರ್ ಬೆರೆಸಿ ತಟ್ಟೆಗಳಿಗೆ ಸುರಿದು, ಕೆಂಪು ನೀರನ್ನು ಹಚ್ಚಿ, 37 ಡಿಗ್ರಿಯಲ್ಲಿ ಇಟ್ಟೆವು. ಕರುಳಿನ ಬ್ಯಾಕ್ಟೀರಿಯವಾದ ಇ. ಕೋಲೈ ಒಳ್ಳೆಯ ಆಹಾರದಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇಂದು ಹಚ್ಚಿದರೆ ನಾಳೆ ಬೆಳಿಗ್ಗೆ ತಟ್ಟೆಯ ಮೇಲೆ ಚುಕ್ಕೆಗಳು ಕಾಣುತ್ತವೆ. ನಾವು ಅದೇ ಅಭ್ಯಾಸದಲ್ಲಿದ್ದೆವು. ಮೂರು ದಿನ ಕಳೆದರೂ ಏನೂ ಕಾಣದ್ದರಿಂದ, ನಾಲ್ಕನೆಯ ದಿನ ನಾನು ಇಲ್ಲದ ಹೊತ್ತಿನಲ್ಲಿ ಆ ತಟ್ಟೆಗಳನ್ನು ತೊಳೆದು ಇಟ್ಟುಬಿಟ್ಟಿದ್ದರು. ಅದು ಯಾರ ತಪ್ಪೂ ಅಲ್ಲ, ತಟ್ಟೆಗಳ ಮೇಲೆ ದಿನಾಂಕ ಬರೆದಿದ್ದೆನೇ ಹೊರತು ಇಷ್ಟು ದಿನ ಕಾಯಿರಿ ಎಂದು ನಾನೇ ಬರೆದಿರಲಿಲ್ಲ. ಆದರೂ ಆ ದಿನ ನನಗಾದ ಸಂಕಟ ಇನ್ನೂ ನೆನಪಿದೆ.

ಶೀಶೆಯಲ್ಲಿ ಉಳಿದಿದ್ದ ನೀರಿನಿಂದ ಮತ್ತೆ ಹಚ್ಚಿದೆವು. ಈ ಸಲ ತಟ್ಟೆಗಳು ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟೆವು. ಒಣಗಿದರೆ ಅಗರ್‌ನ ಮೇಲೆ ಉಪ್ಪಿನ ಹರಳುಗಳು ಎದ್ದು, ಯಾವುದು ಜೀವಿ, ಯಾವುದು ಉಪ್ಪು ಎಂದು ಗುರುತಿಸುವುದೇ ಕಷ್ಟವಾಗುತ್ತದೆ. ಈ ಜೀವಿಗಳಿಗೆ ಇಮ್ಮಡಿಯಾಗಲು ಹಲವು ತಾಸುಗಳು ಬೇಕು. ಒಂಬತ್ತನೆಯ ದಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕಂಡವು. ಹನ್ನೆರಡನೆಯ ದಿನಕ್ಕೆ ಅವು ಕೆಂಪಾದವು. ಪೊಟ್ಟಣದ ಹರಳುಪ್ಪನ್ನು ಅದೇ ಆಹಾರದಲ್ಲಿ ಕರಗಿಸಿ ಹಚ್ಚಿದ ತಟ್ಟೆಯಲ್ಲೂ ಅವೇ ಚುಕ್ಕೆಗಳು ಎದ್ದವು. ಅವ್ವ ಮೂವತ್ತು ವರ್ಷ ಬರಣಿಗೆ ಹಾಕಿದ್ದ ಉಪ್ಪಿನೊಳಗೆ ಇವು ಇದ್ದವು ಎಂಬ ಯೋಚನೆ ಬಂದು, ಆ ಸಂಜೆ ಅವಳಿಗೆ ಫೋನು ಮಾಡಿ ಹೇಳಿದೆ. ತಿಂದರೆ ಏನೂ ಆಗುವುದಿಲ್ಲವೇ ಎಂಬುದೊಂದನ್ನೇ ಅವಳು ಕೇಳಿದಳು. ಆಗುವುದಿಲ್ಲ. ಇವು ಮನುಷ್ಯರಿಗೆ ರೋಗ ತರುವುದಿಲ್ಲ, ಮತ್ತು ಉಪ್ಪು ಸಾರಿನಲ್ಲಿ ಕರಗಿದ ಗಳಿಗೆಯಲ್ಲಿಯೇ ಅವುಗಳ ಆಯುಷ್ಯ ಮುಗಿಯುತ್ತದೆ.

ಏಕೆ ಮುಗಿಯುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಿದ ದಿನವೇ ಇವು ನನ್ನ ಮನಸ್ಸನ್ನು ಪೂರ್ತಿಯಾಗಿ ಹಿಡಿದವು. ಕೆಂಪು ಜೀವಿಗಳು ದಟ್ಟವಾಗಿ ಬೆಳೆದಿದ್ದ ಒಂದು ಚಮಚ ದ್ರವವನ್ನು ನಳಿಕೆಗೆ ಹಾಕಿ, ಅದಕ್ಕೆ ಭಟ್ಟಿ ಇಳಿಸಿದ ಶುದ್ಧ ನೀರನ್ನು ಸೇರಿಸಿದೆ. ಅಲ್ಲಿಯವರೆಗೆ ಮಬ್ಬಾಗಿದ್ದ ದ್ರವ ಕ್ಷಣದಲ್ಲಿ ತಿಳಿಯಾಯಿತು. ನಳಿಕೆಯನ್ನು ಓರೆ ಮಾಡಿದರೆ ಅದು ನೀರಿನಂತೆ ಹರಿಯದೆ ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗಿ ಇಳಿಯಿತು. ಕೋಟ್ಯಂತರ ಜೀವಕೋಶಗಳು ಒಮ್ಮೆಗೇ ಒಡೆದು, ಅವುಗಳ ಒಳಗಿದ್ದ ಡಿಎನ್‌ಎ ಎಳೆಗಳು ಹೊರಗೆ ಬಿದ್ದುದರಿಂದ ಆದ ಅಂಟು ಅದು. ವಿಷ ಹಾಕಿರಲಿಲ್ಲ, ಕುದಿಸಿರಲಿಲ್ಲ. ನಾವು ಅಮೃತವೆಂದು ಕರೆಯುವ ಸಿಹಿನೀರನ್ನಷ್ಟೇ ಹಾಕಿದ್ದು. ಬರಣಿಯಲ್ಲಿ ಬೂಷ್ಟನ್ನು ಬದುಕಿಸುವ ಅದೇ ನೀರು ಇಲ್ಲಿ ಯಾವ ಜೀವಿಯನ್ನೂ ಉಳಿಸಲಿಲ್ಲ.

ಇದರ ಗುಟ್ಟು ಅವುಗಳ ಒಳಗಿದೆ. ಹೊರಗಿನ ಉಪ್ಪು ಕೋಶದ ನೀರನ್ನು ಎಳೆಯಬಾರದೆಂದರೆ ಒಳಗೂ ಅಷ್ಟೇ ಸಾಂದ್ರತೆಯ ಏನಾದರೂ ಇರಬೇಕು. ಈ ಕೆಂಪು ಜೀವಿಗಳು, ಅಂದರೆ ಹ್ಯಾಲೋಬ್ಯಾಕ್ಟೀರಿಯಂ ಮತ್ತು ಅದರ ಬಳಗದವು, ಪೊಟ್ಯಾಸಿಯಂ ಕ್ಲೋರೈಡನ್ನೇ ತಮ್ಮೊಳಗೆ ತುಂಬಿಕೊಳ್ಳುತ್ತವೆ. ಸೋಡಿಯಂ ಅನ್ನು ಹೊರಗೆ ದೂಡಿ, ಪೊಟ್ಯಾಸಿಯಂ ಅನ್ನು ಒಳಗೆ ಎಳೆದು, ಹೊರಗಿನ ಉಪ್ಪಿಗೆ ಒಳಗಿನ ಉಪ್ಪನ್ನು ಸಾಟಿಯಾಗಿ ನಿಲ್ಲಿಸುತ್ತವೆ. ನೀರು ಯಾವ ಕಡೆಗೂ ಓಡುವುದಿಲ್ಲ. ಆದರೆ ಅಷ್ಟು ಲವಣದ ನಡುವೆ ಸಾಮಾನ್ಯ ಪ್ರೋಟೀನುಗಳು ತಮ್ಮ ಸುತ್ತಲಿನ ನೀರನ್ನು ಕಳೆದುಕೊಂಡು ಒಂದಕ್ಕೊಂದು ಅಂಟಿ ಗರಣೆಗಟ್ಟಿಬಿಡುತ್ತವೆ. ಆದ್ದರಿಂದ ಈ ಜೀವಿಗಳ ಪ್ರೋಟೀನುಗಳೇ ಬೇರೆ ಬಗೆಯವು. ಅವುಗಳ ಮೈಮೇಲೆಲ್ಲ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲದ ಘಟಕಗಳು ಹೆಚ್ಚಾಗಿದ್ದು, ಅವುಗಳ ಋಣ ವಿದ್ಯುದಂಶಗಳು ನೀರಿನ ಕಣಗಳನ್ನೂ ಲವಣದ ಕಣಗಳನ್ನೂ ಹೊದಿಕೆಯಂತೆ ಸುತ್ತ ಹಿಡಿದುಕೊಳ್ಳುತ್ತವೆ. ಉಪ್ಪನ್ನು ತೆಗೆದುಬಿಟ್ಟರೆ ಆ ಋಣಾಂಶಗಳ ನಡುವೆ ಅಡ್ಡ ಬರುವುದಕ್ಕೆ ಯಾರೂ ಉಳಿಯುವುದಿಲ್ಲ. ಅವು ಒಂದನ್ನೊಂದು ದೂಡುತ್ತವೆ, ಪ್ರೋಟೀನು ತನ್ನ ಆಕಾರ ಬಿಟ್ಟು ಬಿಚ್ಚಿಕೊಳ್ಳುತ್ತದೆ, ಕೋಶವನ್ನು ಸುತ್ತಿದ ಪ್ರೋಟೀನಿನ ಕವಚವೂ ಹಾಗೆಯೇ ಕಳಚುತ್ತದೆ. ನನ್ನ ನಳಿಕೆಯಲ್ಲಿ ಆದದ್ದು ಇದೇ. ಬೆಳಗಾವಿಯ ಕುಂದಾ ಮಾಡುವವರು ಹಾಲಿನಿಂದ ನೀರನ್ನು ತೆಗೆದಷ್ಟೂ ಅದು ಗಟ್ಟಿಯಾಗುತ್ತದೆ ಎಂಬುದು ನಮಗೆ ಗೊತ್ತು. ಇಲ್ಲಿ ಉಪ್ಪನ್ನು ತೆಗೆದಷ್ಟೂ ಜೀವ ಸಡಿಲವಾಗುತ್ತದೆ.

ಎಲ್ಲ ಲವಣಪ್ರಿಯಗಳೂ ಇದೇ ದಾರಿ ಹಿಡಿದಿಲ್ಲ. ಆಗರಗಳಲ್ಲಿ ಇವುಗಳ ಜೊತೆಗೇ ಬದುಕುವ ಡ್ಯುನಾಲಿಯೆಲ್ಲಾ ಸಲೈನಾ ಎಂಬ ಪಾಚಿ ಉಪ್ಪನ್ನು ಹೊರಗಿಟ್ಟು, ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಇದು ಹಸಿರು ಪಾಚಿಯ ಕುಲದ್ದೇ ಆದರೂ ಬಿಸಿಲು ಮತ್ತು ಉಪ್ಪು ಹೆಚ್ಚಾದಾಗ ಬೀಟಾ ಕ್ಯಾರೊಟಿನ್ ಅನ್ನು ಎಷ್ಟು ಕೂಡಿಡುತ್ತದೆಂದರೆ ನಮ್ಮ ಗಜ್ಜರಿ ಕೂಡ ಅದರ ಮುಂದೆ ಸೋಲುತ್ತದೆ. ಒಣತೂಕದ ಹತ್ತನೆಯ ಒಂದು ಭಾಗದವರೆಗೂ ಅದು ಇರಬಹುದು. 1838ರಲ್ಲಿ ಫ್ರಾನ್ಸಿನ ಉಪ್ಪಿನ ಪಾತಿಗಳಲ್ಲಿ ಈ ಕೆಂಪನ್ನು ಗಮನಿಸಿದ ದ್ಯುನಾಲ್ ಎಂಬ ವಿಜ್ಞಾನಿಯ ಹೆಸರನ್ನೇ 1905ರಲ್ಲಿ ಅದಕ್ಕೆ ಇಟ್ಟರು. ಆಸ್ಟ್ರೇಲಿಯದಲ್ಲಿ ಬೀಟಾ ಕ್ಯಾರೊಟಿನ್‌ಗಾಗಿ ಇದನ್ನು ಕೆರೆಗಳಲ್ಲಿ ಬೆಳೆಸುತ್ತಾರೆ. ಇನ್ನು ಕೆಲವು ಬ್ಯಾಕ್ಟೀರಿಯಗಳು ಎಕ್ಟೋಯಿನ್ ಎಂಬ ಸಣ್ಣ ಅಣುವನ್ನು ತಯಾರಿಸಿಕೊಂಡು ನೀರನ್ನು ಹಿಡಿದಿಡುತ್ತವೆ. 1985ರಲ್ಲಿ ಪತ್ತೆಯಾದ ಆ ಅಣು ಈಗ ಚರ್ಮಕ್ಕೆ ಹಚ್ಚುವ ಕ್ರೀಮುಗಳಲ್ಲಿ ಸಿಗುತ್ತದೆ. ಪಾಚಿಯಿಂದ ಸೋರಿದ ಗ್ಲಿಸರಾಲೇ ಕೆಂಪು ಜೀವಿಗಳಿಗೆ ಊಟ. ಹೀಗೆ ಕೊನೆಯ ಪಾತಿಯ ಆ ಅಂಗೈಯಗಲದ ನೀರಿನಲ್ಲಿ ಉಣಿಸುವವರು, ಉಣ್ಣುವವರು ಇಬ್ಬರೂ ಇರುತ್ತಾರೆ.

ಈ ಕೆಂಪು ಜೀವಿಗಳ ಬಣ್ಣದ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಕೆಂಪು ಬರುವುದು ಮುಖ್ಯವಾಗಿ ಬ್ಯಾಕ್ಟೀರಿಯೋರುಬೆರಿನ್ ಎಂಬ ಬಣ್ಣದ ಅಂಶದಿಂದ. ನೆರಳೇ ಇಲ್ಲದ ಉಪ್ಪಿನ ಬಯಲಿನಲ್ಲಿ ಬೆಳಕು ಮಾಡುವ ಹಾನಿಯಿಂದ ಅದು ಕೋಶವನ್ನು ಕಾಯುತ್ತದೆ. ಆದರೆ ಹ್ಯಾಲೋಬ್ಯಾಕ್ಟೀರಿಯಂ ಸಲೈನೇರಮ್‌ನ ಪೊರೆಯಲ್ಲಿ ನೇರಳೆ ಬಣ್ಣದ ತೇಪೆಗಳೂ ಇರುತ್ತವೆ. ಈ ನೇರಳೆಯಲ್ಲಿರುವುದು ರೆಟಿನಲ್ ಎಂಬ ಅಣುವನ್ನು ಹೊತ್ತ ಒಂದು ಪ್ರೋಟೀನು ಎಂದು 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ತೋರಿಸಿದರು. ರೆಟಿನಲ್ ಎಂದರೆ ಎ ಜೀವಸತ್ವದ ಒಂದು ರೂಪ. ನಮ್ಮ ಕಣ್ಣಿನ ಪರದೆಯಲ್ಲಿ ಬೆಳಕನ್ನು ಹಿಡಿಯುವುದೂ ಅದೇ ಅಣು. ನಮ್ಮ ಕಣ್ಣು ಅದರಿಂದ ನೋಡುತ್ತದೆ, ಉಪ್ಪಿನ ಈ ಜೀವಿ ಅದರಿಂದ ಅನ್ನ ಗಳಿಸುತ್ತದೆ. ಬೆಳಕು ಬಿದ್ದೊಡನೆ ಆ ಪ್ರೋಟೀನು ಒಂದು ಪ್ರೋಟಾನನ್ನು ಒಳಗಿನಿಂದ ಹೊರಗೆ ತಳ್ಳುತ್ತದೆ. ಹೀಗೆ ಹೊರಗೆ ಕೂಡಿದ ಪ್ರೋಟಾನುಗಳು, ಅಣೆಕಟ್ಟೆಯ ನೀರು ತೂಬಿನ ಮೂಲಕ ರಭಸದಿಂದ ಬಂದು ಚಕ್ರ ತಿರುಗಿಸುವಂತೆ, ಪೊರೆಯಲ್ಲಿರುವ ಇನ್ನೊಂದು ಯಂತ್ರದ ಮೂಲಕ ಒಳಕ್ಕೆ ಮರಳುವಾಗ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ತಯಾರಾಗುತ್ತದೆ. ಉಪ್ಪುನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಕರಗುವುದರಿಂದ ಉಸಿರಾಟಕ್ಕೆ ಕೊರತೆಯಾದಾಗ ಈ ಏರ್ಪಾಡು ಅವುಗಳ ಕೈಹಿಡಿಯುತ್ತದೆ. ಹರಿತ್ತು ಇಲ್ಲ, ಎಲೆ ಇಲ್ಲ, ಒಂದೇ ಒಂದು ಪ್ರೋಟೀನಿನಿಂದ ಬೆಳಕನ್ನು ಬದುಕಾಗಿಸುವ ಇದಕ್ಕಿಂತ ಸರಳವಾದ ಉಪಾಯವನ್ನು ನಾನು ಜೀವಶಾಸ್ತ್ರದಲ್ಲಿ ಬೇರೆಲ್ಲೂ ಕಂಡಿಲ್ಲ.

ಈ ಸರಳತೆಯೇ ದೊಡ್ಡ ವಿಜ್ಞಾನಿಗಳನ್ನು ಸೆಳೆಯಿತು. 1974ರಲ್ಲಿ ರ್‍ಯಾಕರ್ ಮತ್ತು ಸ್ಟೋಕೆನಿಯಸ್ ಈ ನೇರಳೆ ಪ್ರೋಟೀನನ್ನು ದನದ ಹೃದಯದಿಂದ ತೆಗೆದ ಎಟಿಪಿ ಯಂತ್ರದ ಜೊತೆಗೆ ಒಂದು ಕೃತಕ ಪೊರೆಯಲ್ಲಿ ಕೂಡಿಸಿ ಬೆಳಕು ಬಿಟ್ಟಾಗ ಎಟಿಪಿ ತಯಾರಾಯಿತು. ಪ್ರೋಟಾನುಗಳ ಒತ್ತಡದಿಂದಲೇ ಜೀವಕೋಶ ಶಕ್ತಿ ಪಡೆಯುತ್ತದೆಂದು ಪೀಟರ್ ಮಿಚೆಲ್ ಹೇಳಿದ್ದನ್ನು ಅನುಮಾನಿಸುತ್ತಿದ್ದವರಿಗೆ ಅದು ಬಲವಾದ ಉತ್ತರವಾಯಿತು. 1978ರಲ್ಲಿ ಮಿಚೆಲ್ ಅವರಿಗೆ ನೊಬೆಲ್ ಬಂತು. 1968ರಲ್ಲಿಯೇ ನೊಬೆಲ್ ಪಡೆದಿದ್ದ ನಮ್ಮ ಹರಗೋವಿಂದ ಖುರಾನಾ ಅವರು ನಂತರದ ವರ್ಷಗಳಲ್ಲಿ ಈ ಪ್ರೋಟೀನಿನ ಅಭ್ಯಾಸಕ್ಕೆ ತೊಡಗಿದರು. ರಿಚರ್ಡ್ ಹೆಂಡರ್ಸನ್ ಮತ್ತು ನೈಜೆಲ್ ಅನ್ವಿನ್ 1975ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದರ ಆಕಾರವನ್ನು ಬಿಡಿಸಿದರು. ಆ ದಾರಿಯಲ್ಲಿಯೇ ಮುಂದುವರಿದ ಹೆಂಡರ್ಸನ್ 2017ರಲ್ಲಿ ನೊಬೆಲ್ ಹಂಚಿಕೊಂಡರು. ಸ್ಪೇನ್ ದೇಶದ ಸಾಂತಾ ಪೋಲಾ ಎಂಬಲ್ಲಿನ ಉಪ್ಪಿನ ಪಾತಿಗಳಿಂದ ಬಂದ ಹ್ಯಾಲೋಫೆರಾಕ್ಸ್ ಎಂಬ ಇನ್ನೊಂದು ಜೀವಿಯ ಡಿಎನ್‌ಎ ಓದುತ್ತಿದ್ದ ಫ್ರಾನ್ಸಿಸ್ಕೊ ಮೊಹಿಕಾ, ಅದರಲ್ಲಿ ಮತ್ತೆ ಮತ್ತೆ ಬರುವ ಒಂದೇ ಬಗೆಯ ತುಣುಕುಗಳನ್ನು ಕಂಡು 1993ರಲ್ಲಿ ಪ್ರಕಟಿಸಿದರು. ವೈರಸ್‌ಗಳ ವಿರುದ್ಧ ಸೂಕ್ಷ್ಮಜೀವಿಗಳು ಇಟ್ಟುಕೊಂಡ ನೆನಪಿನ ದಫ್ತರ ಅದೆಂದು ಮುಂದೆ ತಿಳಿಯಿತು. ಇಂದು ಆಸ್ಪತ್ರೆಗಳಲ್ಲಿ ಕುಡುಗೋಲು ಕಣದ ರಕ್ತಹೀನತೆಗೆ ಚಿಕಿತ್ಸೆಯಾಗಿ ಬಂದಿರುವ, ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಬೇರುಗಳಲ್ಲಿ ಒಂದು ಹೀಗೆ ಉಪ್ಪಿನ ಪಾತಿಯಲ್ಲಿದೆ. ಮೊಹಿಕಾ ಆಗ ಯಾವ ರೋಗದ ಔಷಧವನ್ನೂ ಹುಡುಕುತ್ತಿರಲಿಲ್ಲ, ಒಂದು ಜೀವಿ ಉಪ್ಪಿನಲ್ಲಿ ಹೇಗೆ ಬದುಕುತ್ತದೆಂದು ತಿಳಿಯಲು ಹೊರಟಿದ್ದರು. ಇದರಿಂದ ಏನು ಪ್ರಯೋಜನ ಎಂದು ವಿದ್ಯಾರ್ಥಿಗಳ ಪಾಲಕರು ಕೇಳಿದಾಗಲೆಲ್ಲ ನಾನು ಈ ಪ್ರಸಂಗವನ್ನು ಹೇಳಿದ್ದೇನೆ.

ಬಹಳ ಕಾಲ ಈ ಕೆಂಪು ಜೀವಿಗಳನ್ನು ಬ್ಯಾಕ್ಟೀರಿಯಗಳೆಂದೇ ತಿಳಿದಿದ್ದರು, ಹೆಸರಿನಲ್ಲಿ ಆ ಪದ ಉಳಿದಿರುವುದು ಅದರಿಂದಲೇ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಜೀವಜಗತ್ತಿಗೆ ಮೂರನೆಯ ಕವಲೊಂದಿದೆ ಎಂದು ಹೇಳಿದ ಮೇಲೆ ಇವು ಆರ್ಕಿಯಾ ಎಂಬ ಆ ಕವಲಿಗೆ ಸೇರಿದವು. ಬ್ಯಾಕ್ಟೀರಿಯಗಳ ಆಕಾರವೆಂದರೆ ಗುಂಡು, ಕಡ್ಡಿ, ಸುರುಳಿ ಎಂದು ನಾವು ಕಲಿಸುತ್ತೇವೆ. 1980ರಲ್ಲಿ ಆಂಥನಿ ವಾಲ್ಸ್‌ಬಿ ಸಿನಾಯ್‌ನ ಉಪ್ಪುನೀರಿನ ಮಡುವಿನಲ್ಲಿ ಕಂಡದ್ದು, ಅಂಚೆಚೀಟಿಯಂತೆ ಚಪ್ಪಟೆಯಾದ, ನಾಲ್ಕು ಮೂಲೆಗಳುಳ್ಳ, ಚೌಕಾಕಾರದ ಜೀವಿ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು 2004ರವರೆಗೆ ಕಾಯಬೇಕಾಯಿತು. ನಾಲ್ಕು ದಿನ ಕಾಯಲಾರದೆ ತಟ್ಟೆ ಕಳೆದುಕೊಂಡ ನನಗೆ ಆ ಇಪ್ಪತ್ತನಾಲ್ಕು ವರ್ಷಗಳ ತಾಳ್ಮೆಯ ಬಗ್ಗೆ ಅಪಾರ ಗೌರವವಿದೆ.

ಏನೂ ಬದುಕುವುದಿಲ್ಲ ಎಂಬ ತೀರ್ಪನ್ನು ಹೆಸರಿನಲ್ಲಿಯೇ ಹೊತ್ತ ಮೃತ ಸಮುದ್ರದಲ್ಲಿ ಜೀವವಿದೆಯೆಂದು 1936ರಲ್ಲಿ ತೋರಿಸಿದವರು ಬೆಂಜಮಿನ್ ವೋಲ್ಕಾನಿ. ಹ್ಯಾಲೋಫೆರಾಕ್ಸ್‌ನ ಒಂದು ಪ್ರಭೇದ ಅವರ ಹೆಸರನ್ನು ಹೊತ್ತಿದೆ. ನಮ್ಮ ನೆರೆಯಲ್ಲಿ, ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರ್ ಸರೋವರ 2020ರ ಜೂನ್ ತಿಂಗಳಿನಲ್ಲಿ ಒಮ್ಮೆಗೇ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅದು ದೈವದ ಸೂಚನೆಯೆಂದು ನಮ್ಮ ಓಣಿಯಲ್ಲೂ ಮಾತಾಡಿಕೊಂಡರು. ನೀರು ಇಂಗಿ ಲವಣ ಹೆಚ್ಚಿದ್ದರಿಂದ ಬೆಳೆದ ಲವಣಪ್ರಿಯ ಆರ್ಕಿಯಾಗಳೇ ಅದಕ್ಕೆ ಕಾರಣವೆಂದು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ಹೇಳಿದರು. ಪ್ರಯೋಗಾಲಯಕ್ಕೆ ತಂದ ಆ ನೀರನ್ನು ಅಲುಗಿಸದೆ ಇಟ್ಟಾಗ ಕೆಂಪು ತಳಕ್ಕೆ ಇಳಿದು ನೀರು ತಿಳಿಯಾಗಿತ್ತಂತೆ. ಉಪ್ಪು ಹಾಕಿದ ಒಣಮೀನಿನ ಮೇಲೆ, ಉಪ್ಪು ಸವರಿ ಅಟ್ಟಿಟ್ಟ ಹಸಿ ಚರ್ಮಗಳ ಮೇಲೆ ಕೆಲವೊಮ್ಮೆ ಕೆಂಪು ಕಲೆ ಏಳುವುದೂ ಇವುಗಳಿಂದಲೇ. ಕೆಡದಿರಲೆಂದು ಹಾಕಿದ ಉಪ್ಪಿನೊಳಗೇ ಅವು ಕುಳಿತು ಬಂದಿರುತ್ತವೆ.

ಇಷ್ಟೆಲ್ಲ ತಿಳಿದ ಮೇಲೆ ಕಾಕಾನ ಹೊಲವನ್ನು ಬಿಡುವಂತಿರಲಿಲ್ಲ. ಊರಿಗೆ ಹೋದಾಗ ಆ ಬಿಳಿಯ ಪದರವನ್ನು ಕೆರೆದು ತಂದು, ಶೇಕಡಾ 25ರಷ್ಟು ಉಪ್ಪಿನ ತಟ್ಟೆಗಳಿಗೂ ಶೇಕಡಾ 8ರಷ್ಟು ಉಪ್ಪಿನ ತಟ್ಟೆಗಳಿಗೂ ಹಚ್ಚಿದೆ. ಮೊದಲನೆಯವುಗಳಲ್ಲಿ ಒಂದು ತಿಂಗಳಾದರೂ ಏನೂ ಏಳಲಿಲ್ಲ. ಎರಡನೆಯವುಗಳು ಮೂರೇ ದಿನಗಳಲ್ಲಿ ಕೆನೆಬಣ್ಣದ, ಹಳದಿಯ, ಬಿಳಿಯ ಚುಕ್ಕೆಗಳಿಂದ ತುಂಬಿದವು. ಅದು ನ್ಯಾಯವೇ ಆಗಿತ್ತು, ಏಕೆಂದರೆ ಸವಳಿನ ಹೊಲ ಆಗರವಲ್ಲ. ಒಂದು ಮಳೆ ಬಿದ್ದರೆ ಅಲ್ಲಿನ ಉಪ್ಪು ಕೆಳಗಿಳಿಯುತ್ತದೆ, ಬಿಸಿಲು ಬಂದರೆ ಮೇಲೇರುತ್ತದೆ. ಉಪ್ಪನ್ನು ಬಿಟ್ಟು ಒಂದು ಗಳಿಗೆಯೂ ಇರಲಾರದ ಆರ್ಕಿಯಾಗಳಿಗಿಂತ, ಏರಿಳಿತಕ್ಕೆ ಹೊಂದಿಕೊಳ್ಳುವ ಮಧ್ಯಮ ಲವಣಪ್ರಿಯಗಳಿಗೂ ಲವಣ ಸಹಿಷ್ಣುಗಳಿಗೂ ಅದು ತಕ್ಕ ನೆಲ. ಇಂಥ ನೆಲದ ಬ್ಯಾಕ್ಟೀರಿಯಗಳಲ್ಲಿ ಕೆಲವು ಬೇರಿನ ಸುತ್ತ ನೆಲೆಸಿ ಬೆಳೆಗೆ ಉಪ್ಪನ್ನು ತಾಳಲು ನೆರವಾಗುತ್ತವೆಂಬುದು ತಿಳಿದ ಸಂಗತಿ. ಆದರೆ ಅವುಗಳಿಂದಲೇ ಹೊಲ ಸುಧಾರಿಸೀತೆಂದು ರೈತರಿಗೆ ಹೇಳುವುದು ಸರಿಯಲ್ಲ. ಬಸಿಗಾಲುವೆ ತೋಡಿ ನೀರು ಹೊರಹೋಗುವಂತೆ ಮಾಡುವುದು, ಸೋಡಿಯಂ ಹೆಚ್ಚಿದ್ದರೆ ಜಿಪ್ಸಮ್ ಹಾಕುವುದು, ಹಸಿರೆಲೆ ಗೊಬ್ಬರ ಮುಗ್ಗಿಸುವುದು, ಇವೇ ಮೊದಲು ಆಗಬೇಕಾದ ಕೆಲಸಗಳು. ತಟ್ಟೆಯನ್ನು ಕಾಕಾನಿಗೆ ತೋರಿಸಿದೆ. ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟು ಮಂದಿ ಇದ್ದರೇನು ನಮ್ಮ ಹೊಲದಾಗ?" ಎಂದು ಕೇಳಿದರು.

ಇನ್ನು ನನ್ನ ಕಪಾಟಿನಲ್ಲಿರುವ ಬಾಟಲಿಯ ವಿಷಯ. ಉಪ್ಪು ಹರಳುಗಟ್ಟುವಾಗ ತನ್ನೊಳಗೆ ಸೂಕ್ಷ್ಮವಾದ ಉಪ್ಪುನೀರಿನ ಹನಿಗಳನ್ನು ಮುಚ್ಚಿಕೊಂಡುಬಿಡುತ್ತದೆ, ಆ ಹನಿಗಳಲ್ಲಿ ಈ ಜೀವಿಗಳೂ ಸಿಕ್ಕಿಕೊಳ್ಳುತ್ತವೆ. ಅಮೆರಿಕದ ಡೆತ್ ವ್ಯಾಲಿಯಲ್ಲಿ ನೆಲದಾಳದಿಂದ ತೆಗೆದ ಸುಮಾರು 34,000 ವರ್ಷ ಹಳೆಯ ಹರಳುಗಳಿಂದ ಆರ್ಕಿಯಾಗಳನ್ನು ಮತ್ತೆ ಬೆಳೆಸಿದ್ದಾರೆ. ಅದೇ ಹನಿಗಳಲ್ಲಿ ಡ್ಯುನಾಲಿಯೆಲ್ಲಾದ ಕೋಶಗಳೂ ಇದ್ದವು, ಅವುಗಳ ಗ್ಲಿಸರಾಲ್ ಇಷ್ಟು ಕಾಲದ ಬುತ್ತಿಯಾಗಿರಬೇಕೆಂದು ಸಂಶೋಧಕರು ಊಹಿಸಿದ್ದಾರೆ. 25 ಕೋಟಿ ವರ್ಷಗಳ ಹರಳಿನಿಂದ ಬ್ಯಾಕ್ಟೀರಿಯವನ್ನು ಎಬ್ಬಿಸಿದೆವೆಂದು 2000ದಲ್ಲಿ ಬಂದ ವರದಿಯನ್ನು ಎಲ್ಲರೂ ಒಪ್ಪಿಲ್ಲ, ನಾನೂ ಅದನ್ನು ತರಗತಿಯಲ್ಲಿ ಸಿದ್ಧ ಸಂಗತಿಯಾಗಿ ಹೇಳಿಲ್ಲ. ನಮ್ಮ ಕೈಯಲ್ಲಿ ಆಗುವಷ್ಟನ್ನು ನೋಡೋಣವೆಂದು, 2009ರ ಮೇ ತಿಂಗಳಿನಲ್ಲಿ ಕೆಂಪು ದ್ರವವನ್ನು ಗಾಜಿನ ಬೋಗುಣಿಯಲ್ಲಿ ಗದಗಿನ ಬಿಸಿಲಿಗೆ ಒಣಗಿಸಿ, ಕಟ್ಟಿದ ಹರಳುಗಳನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿ ಅರಗು ಹಚ್ಚಿದೆ. ಉಪ್ಪಿನಕಾಯಿ ರಸವೆಂದಿದ್ದ ಆ ವಿದ್ಯಾರ್ಥಿನಿಯೇ ಅದರ ಮೇಲೆ ದಿನಾಂಕ ಬರೆದಳು.

ಅವಳು ಈಗ ಹುಬ್ಬಳ್ಳಿಯಲ್ಲಿ ನಾನು ಕಲಿಸುತ್ತಿದ್ದ ವಿಷಯವನ್ನೇ ಕಲಿಸುತ್ತಾಳೆ. 2024ರ ಬೇಸಿಗೆಯಲ್ಲಿ ನಾವಿಬ್ಬರೂ ಅವಳ ಪ್ರಯೋಗಾಲಯದಲ್ಲಿ ಅರಗು ಒಡೆದೆವು. ಎರಡು ಹರಳುಗಳನ್ನು ತೆಗೆದು, ಹೊರಮೈಯನ್ನು ಶುದ್ಧಗೊಳಿಸಿ, ಶೇಕಡಾ 25ರ ಉಪ್ಪಿನ ಆಹಾರದಲ್ಲಿ ಕರಗಿಸಿ, ಆರು ತಟ್ಟೆಗಳಿಗೆ ಹಚ್ಚಿದೆವು. ಈ ಸಲ ಪ್ರತಿ ತಟ್ಟೆಯ ಮೇಲೂ ನಲವತ್ತು ದಿನ ಮುಟ್ಟಬಾರದು ಎಂದು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದೆ. ಹದಿನೈದು ದಿನ ಏನೂ ಇರಲಿಲ್ಲ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅವಳಿಂದ ಫೋನು ಬಂತು. ಎರಡು ತಟ್ಟೆಗಳಲ್ಲಿ, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಒಂದೇ ಒಂದು, ಕೆಂಪು ಚುಕ್ಕೆಗಳು ಎದ್ದಿದ್ದವು. ಉಳಿದ ಹರಳುಗಳಿಗೆ ಮತ್ತೆ ಅರಗು ಹಚ್ಚಿ ಇಟ್ಟಿದ್ದೇವೆ. ಮುಂದಿನ ಸಲ ಅದನ್ನು ಒಡೆಯಬೇಕಾದವಳು ಅವಳು.